ಕಿಟಕಿ ಪಕ್ಕದ ಪಾಠ

ಮೊನ್ನೆ ನನ್ನ ಮಗಳು ಮನೆಗೆ ಬಂದ ಅತಿಥಿಯೊಬ್ಬರ ಮುಂದೆ ಪುಸ್ತಕ ಹಿಡಿದು ಕೂತಳು. ಬೆನ್ನು ನೆಟ್ಟಗೆ. ತಲೆ ಚೂರು ಎಡಕ್ಕೆ. ತೋರುಬೆರಳು ಸರಿಯಾಗಿ ಸಾಲಿನ ಕೆಳಗೆ. ತುಟಿಯ ಮೇಲೆ ಅಳತೆ ಮಾಡಿಟ್ಟಂಥ ನಗು. ಅತಿಥಿ ಕಾದರು. ಮಗಳೂ ಕಾದಳು. ಕೊನೆಗೆ ಅವಳೇ ಬೇಸತ್ತು ಹೇಳಿದಳು:

“ಆಂಟಿ, ಬೇಗ ಫೋಟೋ ತೆಗೀರಿ.”

ನಗು ಬಂತೇ? ನನಗೂ ಆ ಕ್ಷಣ ನಗುವೇ ಬಂದಿತ್ತು. ಆಮೇಲೆ ಬಂದದ್ದನ್ನು ಹೇಳಿಕೊಳ್ಳಲು ಈ ವಾರದ ಅಂಕಣದ ಜಾಗ ಬಳಸುತ್ತಿದ್ದೇನೆ.

ನಿಮಗೆ ಗೊತ್ತೇ ಇದೆ, ನಮ್ಮ ಮನೆಯ ಇಬ್ಬರು ಮಕ್ಕಳೂ ಶಾಲೆಗೆ ಹೋಗುವುದಿಲ್ಲ. (ಗೊತ್ತಿಲ್ಲದವರು ಪುಣ್ಯವಂತರು. ನಾನು ಆ ವಿಷಯ ಎತ್ತದೆ ಬಿಟ್ಟ ವಾರಗಳು ಕಡಿಮೆ.) ಇಂಚರಳಿಗೆ ಆರು ದಾಟಿದೆ, ಅವಳ ತಮ್ಮ ಅಗಸ್ತ್ಯನಿಗೆ ನಾಲ್ಕು. ಜೀವನ್ ಬಿಮಾ ನಗರದ ನಮ್ಮ ಮನೆಯ ಹಾಲೇ ಶಾಲೆ, ನಾನೇ ಟೀಚರ್. ಯಾಕೆ ಶಾಲೆ ಬಿಡಿಸಿದೆ ಎಂಬುದನ್ನೂ ಇದೇ ಪುಟದಲ್ಲಿ ಬರೆದಿದ್ದೆ. ಯುಕೆಜಿ ಮಕ್ಕಳನ್ನು ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿ, ಅಪ್ಪ ಅಮ್ಮಂದಿರ ಮುಂದೆ ಗಿಣಿಪಾಠ ಒಪ್ಪಿಸುವಂತೆ ಮಾಡಿದ್ದು ನೋಡಿ ನನಗೆ ಸಿಟ್ಟು ಬಂದಿತ್ತು. ನನ್ನ ಮಗು ಯಾರ ಶೋಕೇಸಿನ ಗೊಂಬೆಯೂ ಅಲ್ಲ ಎಂದು ಘನವಾಗಿ ಬರೆದೆ. ನಿಮ್ಮಲ್ಲಿ ಕೆಲವರು ಭೇಷ್ ಎಂದಿರಿ. ಆ ಭೇಷನ್ನು ಬಹಳ ದಿನ ಮೆಲುಕು ಹಾಕಿದೆ.

ಮನೆಪಾಠವೆಂದರೆ ಸುಮ್ಮನೆ ಅಲ್ಲ ಸ್ವಾಮಿ. ಹಿಂದಿನ ಸಂಜೆಯೇ ಟ್ರೇ ಜೋಡಿಸಬೇಕು. ಒಂದರಲ್ಲಿ ರಾಗಿ ಹರಡಬೇಕು, ಬೆರಳಲ್ಲಿ ಅಕ್ಷರ ತಿದ್ದಲು. ಇನ್ನೊಂದರಲ್ಲಿ ಅವರೆಕಾಳು, ಕೂಡಿ ಕಳೆಯಲು. ಮರ್ಫಿ ಟೌನ್ ಮಾರ್ಕೆಟ್ಟಿನಿಂದ ತಂದ ಬದನೆ, ಟೊಮ್ಯಾಟೊ ಬಣ್ಣಗಳ ಪಾಠಕ್ಕೆ. (ಆಮೇಲೆ ಸಾಂಬಾರಿಗೆ. ಏನೂ ದಂಡವಾಗುವುದಿಲ್ಲ.) ಫ್ರಿಜ್ಜಿನ ಮೇಲೆ ಬಣ್ಣಬಣ್ಣದ ಟೈಮ್ ಟೇಬಲ್. ನೋಡಿದವರು ಬೆರಗಾಗಬೇಕು, ಹಾಗೆ.

ನೋಡುವವರು ಯಾರು? ವಾಟ್ಸ್ಯಾಪ್ ಗ್ರೂಪಿನವರು. ಈ ಕಡೆ ಮನೆಯಲ್ಲೇ ಮಕ್ಕಳಿಗೆ ಕಲಿಸುವ ತಾಯಂದಿರದ್ದೊಂದು ಗ್ರೂಪಿದೆ, ಹಲಸೂರಿನಿಂದ ಕೆ.ಆರ್. ಪುರದವರೆಗೆ. ಪಾಠಕ್ಕೊಂದು ಫೋಟೋ ಹಾಕುವುದು ಅಲ್ಲಿಯ ಪದ್ಧತಿ. ಒಬ್ಬರದ್ದು ನೋಡಿ ಇನ್ನೊಬ್ಬರು ಕಲಿಯಲಿ ಎಂಬ ಒಳ್ಳೆಯ ಉದ್ದೇಶವೇ. ನಮ್ಮ ಹಾಲಿಗೆ ಬೆಳಿಗ್ಗೆ ಕಿಟಕಿಯಿಂದ ಚೆಂದದ ಎಳೆಬಿಸಿಲು ಬೀಳುತ್ತದೆ. ಹಾಗಾಗಿ ಕಿಟಕಿ ಪಕ್ಕವೇ ಪಾಠ. ಬಿಸಿಲು ಮೇಲೇರುವುದರೊಳಗೆ ಎಲ್ಲ ಟ್ರೇ ಮುಗಿಯಬೇಕು. ಯಾಕೆ ಮುಗಿಯಬೇಕು ಎಂದು ನಾನು ಕೇಳಿಕೊಳ್ಳಲೇ ಇಲ್ಲ.

ಫೋಟೋ ತೆಗೆಯುವುದು, ಚೆಂದದ್ದನ್ನು ಆರಿಸುವುದು, ಕೆಳಗೆ ಎರಡು ಸಾಲು ಬರೆದು ಕಳಿಸುವುದು. ತಕ್ಷಣ ಹೃದಯಗಳು, ಚಪ್ಪಾಳೆಗಳು. ಅದಕ್ಕೆಲ್ಲ ಥ್ಯಾಂಕ್ಸ್ ಹೇಳದಿದ್ದರೆ ಹೇಗೆ? ಹೇಳಿ ತಲೆ ಎತ್ತುವಷ್ಟರಲ್ಲಿ ಮಕ್ಕಳು ಎದ್ದು ಬಾಲ್ಕನಿ ಸೇರಿರುತ್ತಿದ್ದರು. ಸರಿ, ಮುಂದಿನ ಟ್ರೇ. ಕರೆದು ಕೂರಿಸಿ, ಮತ್ತೆ ಫೋಟೋ. ಮತ್ತೆ ಎದ್ದು ಓಟ.

ಹಕ್ಕಿ ತೋರಿಸಲು ಹಲಸೂರು ಕೆರೆಗೆ ಕರೆದುಕೊಂಡು ಹೋದರೆ ಅಗಸ್ತ್ಯ ಒಂದು ಒಣ ಎಲೆ ಎತ್ತಿಕೊಂಡು ಬೇಲಿಗೆ ಒರಗಿ, “ಇಲ್ಲಿ ನಿಂತ್ಕೊಳ್ಳಾ ಅಮ್ಮಾ?” ಎನ್ನುತ್ತಿದ್ದ. ಎಷ್ಟು ಜಾಣ ಎಂದುಕೊಂಡೆ. ಹಕ್ಕಿಗಳಿಗೆ ಅವನು ಬೆನ್ನು ಹಾಕಿ ನಿಂತಿದ್ದು ನನಗೆ ಹೊಳೆಯಲಿಲ್ಲ.

ರಾಮಮೂರ್ತಿ ನಗರದ ಪೂರ್ಣಿಮಾ ಆ ಗ್ರೂಪಿಗೆ ಹೊಸಬರು. ಈ ಅಂಕಣವನ್ನೂ ಓದುವವರು. ಒಂದನೇ ಕ್ಲಾಸಿನ ಮಗಳನ್ನು ಶಾಲೆ ಬಿಡಿಸಬೇಕೋ ಬೇಡವೋ ಎಂಬ ತೊಳಲಾಟ ಅವರಿಗೆ. “ಒಂದ್ಸಲ ನಿಮ್ ಪಾಠ ನೋಡ್ಬೇಕು ಮೇಡಂ” ಎಂದು ಫೋನ್ ಮಾಡಿದರು. ಬನ್ನಿ ಬನ್ನಿ ಎಂದೆ. ಇಂಥ ಫೋನಿಗೆ ಕಾಯುತ್ತಲೇ ಇದ್ದೆ ಅನ್ನಿ.

ಮೊನ್ನೆ ಬಂದರು. ಕಾಫಿ ಕುಡಿಯುತ್ತಾ ಹೇಳಿದರು: “ಇಂಚರ ದೊಡ್ಡ ಪುಸ್ತಕ ಇಟ್ಕೊಂಡು ಓದ್ತಿರೋ ಫೋಟೋ ಇದ್ಯಲ್ಲ ಮೇಡಂ, ಅದನ್ನ ನಮ್ ಹುಡುಗೀಗೆ ದಿನಾ ತೋರಿಸ್ತೀನಿ. ನಿನ್ನಷ್ಟೇ ಇದಾಳೆ, ಹೆಂಗ್ ಓದ್ತಾಳೆ ನೋಡು, ನಿಂಗೇನ್ ಬಂದಿದೆ ಅಂತ ಬೈತೀನಿ. ನಿನ್ನೆ ತಡ್ಕೊಳ್ಳಕ್ಕಾಗ್ದೆ ಎರಡು ಬಾರಿಸೇಬಿಟ್ಟೆ.”

ನಾನು ವಿನಯದಿಂದ ನಕ್ಕೆ. ನಕ್ಕೆ! ಆಮೇಲೆ ಮಗಳನ್ನು ಕರೆದೆ. “ಇಂಚರಾ, ಆಂಟಿಗೆ ತೋರ್ಸು ಪುಟ್ಟಾ.”

ಆಗಲೇ ಅವಳು ಹಾಗೆ ಕೂತದ್ದು. ಆಗಲೇ ಫೋಟೋ ತೆಗೀರಿ ಎಂದದ್ದು.

“ಫೋಟೋ ಬೇಡ ಕಣಮ್ಮ” ಎಂದರು ಪೂರ್ಣಿಮಾ. “ನೀನ್ ಓದು, ನಾನ್ ಕೇಳ್ತೀನಿ.”

ಇಂಚರ ನನ್ನ ಕಡೆ ತಿರುಗಿದಳು. ನಿಜಕ್ಕೂ ತಿಳಿಯದ್ದನ್ನು ಕೇಳುವಾಗ ಮಕ್ಕಳ ಹುಬ್ಬು ಮೇಲೇರುತ್ತದಲ್ಲ, ಹಾಗೆ ಏರಿತ್ತು.

“ಅಮ್ಮಾ, ಓದೋದೂ ಇದ್ಯಾ?”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ನನ್ನ ಜಂಬ ಇಳಿಯಲಿಲ್ಲ ನೋಡಿ. “ಆಟ ಆಡ್ತಿದಾಳೆ ಅಷ್ಟೇ” ಎಂದು ಪಕ್ಕದಲ್ಲಿ ಕೂತು ಮೊದಲ ಪದ ತೋರಿಸಿದೆ. ಅವಳು ಅಕ್ಷರ ಬಿಟ್ಟು ಮೇಲಿನ ಚಿತ್ರ ನೋಡಿದಳು. “ನಾಯಿ” ಎಂದಳು. ಚಿತ್ರದಲ್ಲಿದ್ದದ್ದು ನರಿ. ಬರೆದಿದ್ದೂ ನರಿ. ಆ ಪುಸ್ತಕವನ್ನು ನಾನು ಆರಿಸಿದ್ದು ಅವಳ ಓದಿಗೆ ತಕ್ಕದ್ದೆಂದಲ್ಲ. ಅದರ ಹಳದಿ ರಟ್ಟು ಬಿಸಿಲಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಪೂರ್ಣಿಮಾ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಚಪ್ಪಲಿ ಹಾಕಿಕೊಳ್ಳುತ್ತಾ ಮೆಲ್ಲಗೆ ಹೇಳಿದರು: “ನಂಗೆ ಒಂಥರಾ ಸಮಾಧಾನ ಆಯ್ತು ಮೇಡಂ. ನಮ್ ಹುಡುಗೀನೂ ಇಷ್ಟೇ ಓದೋದು. ಇನ್ನೂ ಸ್ವಲ್ಪ ಜಾಸ್ತೀನೇ ಓದ್ತಾಳೆ. ಪಾಪ, ಸುಮ್ಸುಮ್ನೆ ಹೊಡೆದ್ಬಿಟ್ಟೆ.”

ಆ ಮಗುವನ್ನು ನಾನು ನೋಡಿಲ್ಲ. ಹೆಸರೂ ಕೇಳಲಿಲ್ಲ. ಆದರೆ ಅದು ತಿಂದ ಏಟಿನಲ್ಲಿ ನನ್ನ ಪಾಲಿದೆ. ಎರಡು ದಿನದಿಂದ ಊಟ ಸೇರುತ್ತಿಲ್ಲ ಎಂದರೆ ನಾಟಕ ಅನ್ನಬೇಡಿ.

ಮೊನ್ನೆ ಸಂಜೆಯೇ ಗಂಡ ಸುಧೀರ್ ಫ್ಯಾಕ್ಟರಿಯಿಂದ ಬಂದಾಗ ಎಲ್ಲ ಹೇಳಿದೆ. “ಅವ್ಳಿಗೆ ಓದಕ್ಕೆ ಬರಲ್ಲ ಅಂತ ನಿಮ್ಗೆ ಗೊತ್ತಿತ್ತಾ?”

“ಗೊತ್ತಿತ್ತು. ಅಂಗಡಿ ಬೋರ್ಡ್ ಓದು ಅಂದ್ರೆ ಅದರ ಕೆಳಗೆ ನಗ್ತಾ ನಿಂತ್ಕೋತಾಳೆ.”

“ಮತ್ತೆ ಹೇಳೋದಲ್ವಾ?”

“ಹೇಳಿದ್ರೆ ಅದನ್ನೂ ಕಾಲಂ ಮಾಡ್ತೀಯ ಅಂತ ಸುಮ್ನಿದ್ದೆ ಕಣೇ.”

(ಮಾಡಿದ್ದೇನೆ, ನೋಡಿ.)

ಇಂದಿರಾನಗರದ ಹೋಟೆಲುಗಳಲ್ಲಿ ದೋಸೆ ತಣ್ಣಗಾಗುವವರೆಗೂ ಫೋಟೋ ತೆಗೆಯುವವರನ್ನು ಕಂಡು ನಾನು ಎಷ್ಟು ಸಲ ನಕ್ಕಿಲ್ಲ? ದೋಸೆ ತಣ್ಣಗಾದರೆ ಇನ್ನೊಂದು ಹೇಳಬಹುದು. ಮಗುವಿನ ಆರನೇ ವರ್ಷವನ್ನು? ನಾನು ಬೈದು ಬಂದ ಆ ಶಾಲೆ ಮಕ್ಕಳನ್ನು ವರ್ಷಕ್ಕೊಮ್ಮೆ ವೇದಿಕೆ ಹತ್ತಿಸುತ್ತಿತ್ತು. ನಾನು ದಿನಾ ಹತ್ತಿಸಿದೆ. ಉಳಿದ ದಿನಗಳಲ್ಲಿ ಅವರು ಕೊಂಚ ಓದನ್ನೂ ಕಲಿಸುತ್ತಿದ್ದರೇನೋ. ಈ ಮಾತು ಬರೆಯಲು ನಾಚಿಕೆಯಾಗುತ್ತದೆ. ಆದರೆ ಅಂದು ಬೈದದ್ದು ಇದೇ ಪುಟದಲ್ಲಾದ್ದರಿಂದ ಇದನ್ನೂ ಇಲ್ಲೇ ಬರೆಯಬೇಕು.

ನಿನ್ನೆ ಬೆಳಿಗ್ಗೆ ಫೋನ್ ಸ್ವಿಚ್ ಆಫ್ ಮಾಡಿ ಅಕ್ಕಿ ಡಬ್ಬಿಯ ಹಿಂದಿಟ್ಟೆ. ಕಿಟಕಿ ಬಿಟ್ಟು ಅಡುಗೆಮನೆ ಬಾಗಿಲ ಬಳಿ ನೆಲದ ಮೇಲೆ ಕೂತೆವು. ಟ್ರೇ ಇಲ್ಲ, ಎಳೆಬಿಸಿಲಿಲ್ಲ. ಇಂಚರ ಪುಸ್ತಕ ತೆರೆದು ತಲೆ ಎಡಕ್ಕೆ ವಾಲಿಸಿ ನಕ್ಕಳು, ಎದ್ದಳು. ಮತ್ತೆ ಕೂರಿಸಿದೆ. ಮತ್ತೆ ನಕ್ಕಳು. ಅತ್ತಳು. ನೀರು ಕುಡಿದಳು. ನನಗೂ ರೇಗಿತು, ನುಂಗಿಕೊಂಡೆ. ಕುಕ್ಕರ್ ಕೂಗಿ ಸುಮ್ಮನಾಗಿ ಎಷ್ಟೋ ಹೊತ್ತಾದ ಮೇಲೆ ಬಂತು: “ನ... ರಿ. ನರಿ. ಮ... ರ... ದ. ಮರದ.” ಆಮೇಲೆ ತಡವರಿಸುತ್ತಾ ಇಡೀ ಸಾಲು. ನರಿ ಮರದ ಕೆಳಗೆ ಕೂತಿತು.

ಆಗ ಅವಳ ತುಟಿಯ ಮೇಲೆ ಆ ನಗು ಇರಲಿಲ್ಲ. ಹುಬ್ಬು ಗಂಟಿಕ್ಕಿತ್ತು, ಬಾಯಿ ಅರೆ ತೆರೆದಿತ್ತು, ಮೂಗಿನ ತುದಿಯಲ್ಲಿ ಬೆವರಿತ್ತು. ನನ್ನ ಕೈ ತಾನಾಗಿಯೇ ಪಕ್ಕದಲ್ಲಿ ಫೋನ್ ತಡಕಾಡಿತು. ಥೂ! ಕೈಗಾದರೂ ಮಾನ ಬೇಡವೇ?

ಗ್ರೂಪಿನಲ್ಲಿ ಇದನ್ನಿನ್ನೂ ಹೇಳಿಲ್ಲ. ಹೇಳುವ ಧೈರ್ಯ ಬಂದಿಲ್ಲ. ಮೊದಲು ನಿಮಗೆ ಹೇಳೋಣವೆಂದು ಇವತ್ತು ಬರೆಯಲು ಕೂತೆ. ಇಂಚರ ಪಕ್ಕದಲ್ಲೇ ಎರಡನೇ ಪುಟದೊಂದಿಗೆ ಗುದ್ದಾಡುತ್ತಿದ್ದಾಳೆ. ಈಗ ತಾನೇ ಓದು ನಿಲ್ಲಿಸಿ ನನ್ನ ಲ್ಯಾಪ್‌ಟಾಪಿನೊಳಗೆ ಇಣುಕಿದಳು.

“ಏನ್ ಬರೀತಿದ್ದೀಯಾ ಅಮ್ಮಾ?”

“ನೀನು ನಿನ್ನೆ ಓದಿದ್ದನ್ನ.”

“ಎಲ್ರಿಗೂ ಕಳಿಸ್ತೀಯಾ?”

“ಹೂಂ.”

ಅವಳು ಪಟ್ಟನೆ ಪುಸ್ತಕ ಮುಚ್ಚಿದಳು.

“ಹಾಗಾದ್ರೆ ಆಯ್ತಲ್ಲ, ನಾನ್ ಏಳ್ಲಾ?”