ಎಲೆಗೆ ಹಿಂದಿನ ಸೀಟು

ಗೆಳೆಯರೇ, ಇವತ್ತು ರಾಮದುರ್ಗಕ್ಕೆ ಎಲೆ ವ್ಯಾಪಾರದ ನೀಲವ್ವನ ಕಾರಿನಲ್ಲಿ ಹೋದೆ. ಸವದತ್ತಿಯ ಸಾಹುಕಾರರೊಬ್ಬರು ಮಾರಿದ ಹಳೆಯ ಜರ್ಮನ್ ಕಾರು ಅದು. ಹಿಂದಿನ ಸೀಟಿಗೂ ಎಸಿ ಬರುತ್ತದೆಂದೇ ನೀಲವ್ವ ಅದನ್ನು ಕೊಂಡಿದ್ದು. ಅಲ್ಲಿ ವೀಳ್ಯದೆಲೆಯ ಬುಟ್ಟಿಗಳು ಕೂರುತ್ತವೆ. ಇಂದಿನ ಎಲೆ ಹನ್ನೊಂದರೊಳಗೆ ಮದುವೆಮನೆ ಸೇರಬೇಕಿತ್ತು, ಹೊರಗೆ ಕೆಂಡದಂಥ ಬಿಸಿಲು.

ದಾರಿಯಲ್ಲಿ ಅದೇ ಸಾಹುಕಾರರು, ಕೆಟ್ಟು ನಿಂತ ತಮ್ಮ ಹೊಸ ಕಾರಿನ ಪಕ್ಕದಿಂದ ಕೈ ಮಾಡಿದರು. ನೀಲವ್ವ ನಿಲ್ಲಿಸಿದಳು. ಹಿಂದಿನ ಬಾಗಿಲು ತೆಗೆದ ಸಾಹುಕಾರರು ಬೆಚ್ಚಿದರು.

“ಏನವಾ ಇದು? ನಾ ಕೂಡೋ ಜಾಗಾದಾಗ ಬುಟ್ಟಿ ಇಟ್ಟೀಯಲ್ಲಾ! ತಗದು ಡಿಕ್ಕ್ಯಾಗ ಹಾಕು.”

“ಡಿಕ್ಕ್ಯಾಗ ಎಸಿ ಇಲ್ರಿ ಸಾವ್ಕಾರ್ರ. ನೀವು ಬಾಡಂಗಿಲ್ಲ, ಎಲಿ ಬಾಡತಾವ. ಒಂದ್ ಬುಟ್ಟಿ ತೊಡಿ ಮ್ಯಾಲ ಇಟ್ಕೊಂಡು ಕುಂದರ್ರಿ.”

ಮುಂದಿನ ಸೀಟು ಬಿಟ್ಟುಕೊಡಲು ಎದ್ದ ನನ್ನನ್ನು, “ನೀವ್ ಏಳಬ್ಯಾಡ್ರಿ ಅಕ್ಕಾರ” ಎಂದು ತಡೆದಳು. ಕಾರು ಹೊಸದಿದ್ದಾಗಲೂ ಆ ಎಸಿಗೆ ಇಷ್ಟು ಒಳ್ಳೆಯ ಕೆಲಸ ಸಿಕ್ಕಿರಲಾರದು ಅನ್ನಿಸಿತು.

ಒದ್ದೆ ಗೋಣಿ ಹೊದಿಸಿದ ಬುಟ್ಟಿಯನ್ನು ಬಿಳಿ ಧೋತರದ ಮೇಲೆ ಹಿಡಿದುಕೊಂಡೇ ಸಾಹುಕಾರರು ರಾಮದುರ್ಗದವರೆಗೂ ಬಂದರು. ಹತ್ತೂವರೆಗೆ ಮದುವೆಮನೆ ತಲುಪಿದೆವು. ಎಲೆ ಒಂದೂ ಬಾಡಿರಲಿಲ್ಲ. ಸಾಹುಕಾರರ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾರೆ.