ಲೈಸೆನ್ಸಣ್ಣ ಹಂಚದ ಫೈಲು

ಕಂಪ್ಯೂಟರ್ ರಿಪೇರಿ ಅಂಗಡಿಯವನನ್ನು ಬೀದಿಯೆಲ್ಲ ಲೈಸೆನ್ಸಣ್ಣ ಎಂದೇ ಕರೆಯುತ್ತಿತ್ತು. ಜಗತ್ತೇ ಕಣ್ಣುಮುಚ್ಚಿ ‘ಒಪ್ಪಿದ್ದೇನೆ’ ಗುಂಡಿ ಒತ್ತುವಾಗ, ಅದರ ಮೇಲಿನ ಮಾರುದ್ದದ ಲೈಸೆನ್ಸ್ ಕರಾರನ್ನು ಅಕ್ಷರ ಬಿಡದೆ ಓದುವ ಗಂಡಸು ತಾನೊಬ್ಬನೇ ಎಂಬ ಹೆಮ್ಮೆ ಅವನಿಗೆ. ಓದುವ ಮುಂಚೆ ತೀರ್ಪು ಕೊಡುವವನಂತೆ ಗಂಟಲು ಬೇರೆ ಸರಿಮಾಡಿಕೊಳ್ಳುತ್ತಿದ್ದ.

ಹಳೆಯ ಯಂತ್ರಗಳಿಗೆ ಅವನು ಹಾಕುತ್ತಿದ್ದುದು ಓಪನ್ ಸೋರ್ಸ್ ಸಿಸ್ಟಮ್. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಾದದ್ದು. ತೊಡಕಿದ್ದದ್ದು ವೈಫೈ ಚಿಪ್ಪಿನಲ್ಲಿ. ಅದು ಕಣ್ಣು ಬಿಡಬೇಕಾದರೆ ಫರ್ಮ್‌ವೇರ್ ಎಂಬ ಪುಟ್ಟ ಫೈಲು ಉಣಿಸಬೇಕು. ಆ ಫೈಲು ಚಿಪ್ ಕಂಪನಿಯ ಸ್ವತ್ತು: ನೀನು ಬಳಸಿಕೋ, ಇನ್ನೊಬ್ಬರಿಗೆ ಹಂಚಬೇಡ ಎಂದು ಕರಾರು. ಹಾಗಾಗಿ ಲೈಸೆನ್ಸಣ್ಣ ಯಂತ್ರದ ಒಡೆಯರನ್ನೇ ಕುರ್ಚಿಯಲ್ಲಿ ಕೂರಿಸಿ, ಅಂಗಡಿಯ ನೆಟ್ ವೈರು ಸಿಕ್ಕಿಸಿ, ಅವರ ಬೆರಳಿನಿಂದಲೇ ಒಪ್ಪಿಗೆ ಒತ್ತಿಸಿ ಫೈಲು ಇಳಿಸುತ್ತಿದ್ದ.

“ನಿನ್ನ ಜೇಬಿನ ಪೆನ್‌ಡ್ರೈವಲ್ಲೇ ಇದ್ಯಲ್ಲ ಭಾವ, ಹಾಕಿ ಕಳಿಸು,” ಎನ್ನುತ್ತಿದ್ದ ಪಾಲುದಾರ, ಹೆಂಡತಿಯ ತಮ್ಮ.

“ಅದು ನನ್ನ ಯಂತ್ರದ್ದು ಕಣೋ. ಹಂಚಿದ ಹಾಗಾಗುತ್ತೆ.”

“ಯಾರು ನೋಡ್ತಾರೆ?”

“ನಾನಿಲ್ವಾ ನೋಡೋಕೆ!”

ಲಾರಿ ಶೆಡ್ಡಿನ ಯಜಮಾನ ರಿಪೇರಿಗೆ ಕೊಟ್ಟಿದ್ದ ತನ್ನ ಕಂಪ್ಯೂಟರ್ ಒಯ್ಯಲು ಡ್ರೈವರನ್ನು ಕಳಿಸಿದ. ಡ್ರೈವರ್ ಒಡೆಯನಲ್ಲವಲ್ಲ, ಲೈಸೆನ್ಸಣ್ಣ ಅವನ ಬೆರಳು ಮುಟ್ಟಿಸಲಿಲ್ಲ. ಯಂತ್ರ ಫೈಲಿಲ್ಲದೆ ಹಾಗೇ ಹೋಯಿತು. ನೆಟ್ ಇಲ್ಲದೆ ಲೋಡಿನ ಆರ್ಡರು ಬರಲಿಲ್ಲ, ಲಾರಿಗಳು ಶೆಡ್ಡಿನಲ್ಲೇ ನಿಂತವು. ಸಂಜೆಯ ಹೊತ್ತಿಗೆ ಯಜಮಾನನೇ ಬಂದ. ಒಂದು ಕೈಯಲ್ಲಿ ಕಬ್ಬಿಣದ ರಾಡು, ಹಿಂದೆ ಯಂತ್ರ ಹೊತ್ತ ಡ್ರೈವರ್.

ಮೊದಲ ಏಟಿಗೆ ಕಪಾಟಿನ ಮಾನಿಟರುಗಳು ಪುಡಿಯಾದವು. ಎರಡನೆಯದು ಲೈಸೆನ್ಸಣ್ಣನ ಹೆಗಲಿಗೆ ಬಿತ್ತು.

“ಸರಿ ಮಾಡೋ!”

“ಕೂತ್ಕೊಳ್ಳಿ ಸಾರ್,” ಎಂದ ಲೈಸೆನ್ಸಣ್ಣ ನೆಲದಿಂದಲೇ. “ಒಪ್ಪಿದ್ದೇನೆ ಅಂತ ನೀವೇ ಒಂದು ಸಲ ಒತ್ತಿ. ಅರೆಗಳಿಗೆಯ ಕೆಲಸ.”

“ಒಪ್ಪೋದಾ? ನಾನಾ? ಮುಖ ನೋಡದ ಯಾವನಿಗೋ? ನಮ್ಮಪ್ಪನ ಮಾತಿಗೇ ನಾನು ಹೂಂ ಅಂದವನಲ್ಲ!”

ಒಬ್ಬ ಒತ್ತುವವನಲ್ಲ, ಇನ್ನೊಬ್ಬ ಒತ್ತಿಸದೆ ಬಿಡುವವನಲ್ಲ. ಯಜಮಾನ ಅವನ ಕಾಲರ್ ಹಿಡಿದೆತ್ತಿ ಮುಖವನ್ನು ಬೆಂಚಿಗೆ ಅಪ್ಪಳಿಸಿದ. ಮೂಗಿನಿಂದ ರಕ್ತ ಬುಳಬುಳ ಇಳಿಯಿತು. ಬಲಗೈಯನ್ನು ಎಳೆದು ಬೆಂಚಿಗೆ ಬಿಗಿದ ಕಬ್ಬಿಣದ ಇಕ್ಕಳ, ವೈಸಿನ ಬಾಯಿಗಿಟ್ಟು ಹಿಡಿ ತಿರುಗಿಸಿದ. ಬೆರಳುಗಳು ನೀಲಿಗಟ್ಟಿದವು.

“ಪೆನ್‌ಡ್ರೈವ್ ಕೊಡು ಭಾವ! ರಿಪೇರಿಯವನಿಗೆ ಕೈ ಹೋದ್ರೆ ಇನ್ನೇನಿದೆ?”

“ಕೊಡಲ್ಲ... ಅವರೇ ಒತ್ತಲಿ...”

ಇನ್ನೊಂದು ಸುತ್ತು. ಎಲ್ಲೋ ಮೂಳೆ ಲಟಕ್ಕೆಂದಿತು. ಭಾವಮೈದ ಅವನ ಜೇಬು ಹರಿದು ಪೆನ್‌ಡ್ರೈವ್ ಕಿತ್ತು, ಯಂತ್ರಕ್ಕೆ ಚುಚ್ಚಿ ಫೈಲು ಸುರಿದ. ವೈಫೈ ದೀಪ ಹತ್ತಿತು. ಯಜಮಾನ ವೈಸು ಸಡಿಲಿಸಿ, ಗೆದ್ದವನ ಗತ್ತಿನಲ್ಲಿ ಹೊರಟುಹೋದ.

ಲೈಸೆನ್ಸಣ್ಣ ನಿಧಾನಕ್ಕೆ ಕೈ ಈಚೆಗೆಳೆದುಕೊಂಡ. ಅದೇ ಕೈಯಲ್ಲಿ ಕೀಬೋರ್ಡ್ ಎತ್ತಿ ಭಾವಮೈದನ ಬಾಯಿಗೆ ಬೀಸಿದ. ಕೀಲಿಗಳ ಜೊತೆ ಮುಂದಿನ ಹಲ್ಲೂ ಉದುರಿತು.

ಗಲಾಟೆ ಕೇಳಿ ಮಹಡಿಯಿಂದ ಓಡಿಬಂದ ಹೆಂಡತಿ ತಮ್ಮನ ಬಾಯಿಗೆ ಸೆರಗು ಒತ್ತಿದಳು. “ಅವನು ಫೈಲು ಹಾಕ್ದೆ ಇದ್ದಿದ್ರೆ ಹೊಡೆಯೋಕೆ ನಿಮಗೆ ಕೈ ಎಲ್ಲಿರ್ತಿತ್ತು ರೀ?”

ಮರುದಿನ ಕೈಗೆ ಪ್ಲಾಸ್ಟರ್ ಸುತ್ತಿಸಿಕೊಂಡ ಲೈಸೆನ್ಸಣ್ಣ ಆಸ್ಪತ್ರೆಯಿಂದ ನೆಟ್ಟಗೆ ಲಾರಿ ಶೆಡ್ಡಿಗೆ ಹೋದ. ಕೊಟ್ಟದ್ದು ಕೊಟ್ಟಾಯಿತು, ಈಗಲಾದರೂ ಒಪ್ಪಿಗೆ ಒತ್ತಿ ಎಂದು ಕೇಳಲು! ಈ ಸಲ ಯಜಮಾನ ಕೈಯ ತಂಟೆಗೆ ಹೋಗಲಿಲ್ಲ. ರಾಡು ಮೊಣಕಾಲಿಗೆ ಬಿತ್ತು.

ಡ್ರೈವರ್ ಫೋನು ಮಾಡಿ ಕರೆಸಿದ್ದು ಭಾವಮೈದನನ್ನೇ. ಅವನು ಬಂದು ಲೈಸೆನ್ಸಣ್ಣನನ್ನು ಮೂಟೆಯ ಹಾಗೆ ಬೆನ್ನಿಗೇರಿಸಿಕೊಂಡ.

“ನೀನು ಮಾಡಿದ್ದು ತಪ್ಪು ಕಣೋ,” ಎಂದ ಲೈಸೆನ್ಸಣ್ಣ ಕಿವಿಯ ಹತ್ತಿರ. “ಕರಾರಲ್ಲಿ ಸ್ಪಷ್ಟವಾಗಿ...”

“ಮಾತಾಡಿಸ್ಬೇಡ ಭಾವ. ಬಾಯಿ ನೋಯ್ತಿದೆ.”