ತೆರೆದೇ ಉಳಿದ ಪುಟ

ನಮ್ಮ ಊಟದ ಮೇಜಿನ ಕಿಟಕಿ ಕಡೆಯ ಮೂಲೆ ಈಗ ನನ್ನ ನಾದಿನಿ ಸುಮನಾಳ ಕಚೇರಿ. ಶಿರಸಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಅವಳ ಮನೆ. ಆದರೆ ಬೆಳಕೂ ಇಂಟರ್ನೆಟ್ಟೂ ನಮ್ಮಲ್ಲಿ ಚೆನ್ನಾಗಿವೆ ಎಂದು ಒಂದು ದಿನ ಲ್ಯಾಪ್‌ಟಾಪ್ ತಂದಿಟ್ಟವಳು ಮತ್ತೆ ತೆಗೆದುಕೊಂಡು ಹೋಗಲಿಲ್ಲ. ಅದರ ಮುಚ್ಚಳದ ಮೇಲೆ ನೀಲಿ ಆನೆಯ ತಲೆಯ ಚಿತ್ರವೊಂದನ್ನು ಅಂಟಿಸಿಕೊಂಡಿದ್ದಾಳೆ. ಹೀಗಾಗಿ ದಿನವೂ ನಾನು ಬಡಿಸುವಾಗ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯೂ ಆ ಆನೆಯೂ ಅಕ್ಕಪಕ್ಕ ಕುಳಿತು, ಯಾವುದೋ ಹಳೆಯ ಪರಿಚಯ ಇದ್ದವರಂತೆ ನನ್ನನ್ನು ನೋಡುತ್ತಿರುತ್ತವೆ.

ಆ ಆನೆ ಒಂದು ಡೇಟಾಬೇಸಿನ ಗುರುತು. ಅವಳ ಕೆಲಸ ಅದರ ಉಸ್ತುವಾರಿ. ಯಾರೋ ಎಲ್ಲೆಲ್ಲೋ ಇದ್ದವರು ಸೇರಿ ಕಟ್ಟಿ, ಬೇಕಾದವರು ಬಳಸಿಕೊಳ್ಳಲಿ, ಒಳಗೆ ಇಣುಕಿ ನೋಡಲಿ, ಹಾಳಾದದ್ದು ಕಂಡರೆ ಸರಿಪಡಿಸಲಿ ಎಂದು ಬಿಟ್ಟಿರುವ ತಂತ್ರಾಂಶವಂತೆ. ದಾರಿಬದಿಯ ಅರವಟ್ಟಿಗೆಯ ಹಾಗೆ ಎಂದು ನಾನು ಅರ್ಥಮಾಡಿಕೊಂಡೆ. ನೀರು ಯಾರದೆಂದು ಕುಡಿದವರು ಕೇಳುವುದಿಲ್ಲ, ಆದರೆ ಬೆಳಿಗ್ಗೆ ಎದ್ದು ಗಡಿಗೆ ತೊಳೆಯುವವರು ಯಾರಾದರೂ ಇರಲೇಬೇಕು. ಸುಮನಾ ತೊಳೆಯುವವರಲ್ಲಿ ಒಬ್ಬಳು.

ಮೊದಮೊದಲು ನನಗೆ ಅವಳ ಕೆಲಸ ಬಹಳ ಗಹನವಾದದ್ದೆಂಬ ಭಯವಿತ್ತು. ನೋಡುತ್ತ ನೋಡುತ್ತ ತಿಳಿಯಿತು, ಅದರ ಬಹುಭಾಗ ನನ್ನ ಅಡುಗೆಮನೆಯದೇ. ಜಾಗ ತುಂಬಿತೇ ಎಂದು ನೋಡುವುದು. ಅಳಿಸಿದ ಮೇಲೂ ಮೂಲೆಯಲ್ಲಿ ಕುಳಿತಿರುವ ಹಳೆಯ ಸಾಲುಗಳನ್ನು ಗುಡಿಸಿ ತೆಗೆಯುವುದು. ಎಲ್ಲದರ ಪ್ರತಿಯೊಂದನ್ನು ಬೇರೆ ಕಡೆ ತೆಗೆದಿಡುವುದು. ಬರೀ ತೆಗೆದಿಟ್ಟರೆ ಅವಳಿಗೆ ಸಮಾಧಾನವಿಲ್ಲ. ಆಗಾಗ ಆ ಪ್ರತಿಯನ್ನು ಇನ್ನೊಂದು ಯಂತ್ರದಲ್ಲಿ ಬಿಡಿಸಿ, ನಿಜಕ್ಕೂ ಎದ್ದು ನಿಲ್ಲುತ್ತದೆಯೇ ಎಂದು ನೋಡುತ್ತಾಳೆ. ನಾನು ಉಪ್ಪಿನಕಾಯಿಯ ಭರಣಿಯನ್ನು ನಡುನಡುವೆ ಬಿಚ್ಚಿ ಮೂಸುವುದೂ ಅದಕ್ಕೇ ಅಲ್ಲವೇ? ಎಲ್ಲ ಸರಿಯಿದ್ದ ದಿನ ಇಂಥ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಟ್ಟ ದಿನ ಮಾತ್ರ ಎಲ್ಲರೂ ಕೇಳುತ್ತಾರೆ, ಬೆಳಗಿನಿಂದ ಏನು ಮಾಡುತ್ತಿದ್ದೆ ಎಂದು. ಈ ವಿಷಯದಲ್ಲಿ ನಮ್ಮಿಬ್ಬರ ನಡುವೆ ಮಾತಿಲ್ಲದ ಒಂದು ಒಪ್ಪಂದವಿದೆ: ಅವಳು ನನ್ನ ಸಾರಿನಲ್ಲಿ ತಪ್ಪು ಹುಡುಕುವುದಿಲ್ಲ, ನಾನು ಅವಳ ಆನೆಯಲ್ಲಿ ತಪ್ಪು ಹುಡುಕುವುದಿಲ್ಲ.

ಸಂಬಳ ಕೊಡುವ ದೂರದ ಕಂಪನಿಗಳ ಕೆಲಸದ ಜೊತೆಗೆ ನಮ್ಮೂರ ಕಡೆಯದೊಂದು ಕೆಲಸವನ್ನೂ ಅವಳು ಸುಮ್ಮನೆ ಮಾಡಿಕೊಡುತ್ತಾಳೆ. ಕಾಯಿಲೆಯವರ ಮನೆಗೆ ಗಾಲಿಕುರ್ಚಿ, ಎತ್ತರಿಸುವ ಮಂಚ, ಉಸಿರಾಟಕ್ಕೆ ಆಕ್ಸಿಜನ್ ಯಂತ್ರ ಇವನ್ನು ಬೇಕಾದಷ್ಟು ದಿನ ಕೊಟ್ಟು, ಆಮೇಲೆ ವಾಪಸು ಪಡೆಯುವ ಗೆಳೆಯರ ಬಳಗವೊಂದಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಒಂದೊಂದು ಕೋಣೆ, ಒಂದೊಂದು ಕಂಪ್ಯೂಟರು. ಕೊಡುವಾಗಲೂ ಪಡೆಯುವಾಗಲೂ ಪರದೆಯ ಮೇಲೆ ಹೊಸ ಪುಟ ತೆರೆಯಬೇಕು. ತೆರೆದೊಡನೆ ಪುಟಕ್ಕೊಂದು ಕ್ರಮಸಂಖ್ಯೆ ಸಿಗುತ್ತದೆ. ಎಲ್ಲ ತುಂಬಿದ ಮೇಲೆ 'ಉಳಿಸು' ಎಂಬ ಗುಂಡಿ ಒತ್ತಿದರೆ ಮುಗಿಯಿತು.

ಒಂದು ದಿನ, ನಾನು ತಂಬುಳಿಗೆ ಒಂದೆಲಗ ಬಿಡಿಸುತ್ತ ಕುಳಿತಿದ್ದ ಹೊತ್ತಿಗೆ, ಯಲ್ಲಾಪುರದ ಕೋಣೆ ನೋಡಿಕೊಳ್ಳುವ ಬಸವರಾಜನ ಫೋನು ಬಂತು. ಅವನ ದನಿ ಯಾವಾಗಲೂ ದೊಡ್ಡದು. ಮೇಜಿನ ಈಚೆಗೂ ಸ್ಪಷ್ಟ ಕೇಳುತ್ತಿತ್ತು.

"ಅಕ್ಕಾರ, ಪುಟಾನ ತೆರೀವಲ್ದ್ರಿ. ಬರೇ ಚಕ್ರ ತಿರಗಾಕ ಹತ್ತೇತಿ. ಕಿರವತ್ತಿ ಕಡೀ ಒಬ್ಬಾಕಿ ಮುದಕೀನ್ನ ಹುಬ್ಬಳ್ಳಿ ದವಾಖಾನಿಯಿಂದ ಮನೀಗ್ ಕಳಸಾಕ ಹತ್ಯಾರ. ಮಷಿನ್ ಇಲ್ದ ರಾತ್ರಿ ಕಳಿಯೂದು ಕಷ್ಟ ಅಂದಾರ್ರಿ ಡಾಕ್ಟ್ರು. ನನ್ನ ಕಡೆ ಒಂದೂ ಇಲ್ಲ. ಎಲ್ಲೈತಿ ನೋಡ್ರಿ ಲಗೂನ!"

ಸುಮನಾ ಪುಟದ ಗೊಡವೆಗೆ ಹೋಗದೆ ನೇರವಾಗಿ ಡೇಟಾಬೇಸನ್ನೇ ಕೇಳಿದಳು. ಉತ್ತರ ಬಂತು: ಮೂರೂ ಊರಿನ ಆಕ್ಸಿಜನ್ ಯಂತ್ರಗಳೆಲ್ಲ ಯಾರ್‍ಯಾರದೋ ಮನೆಯಲ್ಲಿವೆ, ಬಿಡುವಾದದ್ದು ಒಂದೂ ಇಲ್ಲ. ಅವಳ ಮುಖ ಸಣ್ಣದಾಯಿತು. ಆಮೇಲೆ, ಪುಟ ಯಾಕೆ ತೆರೆಯುತ್ತಿಲ್ಲ, ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು ಕೇಳಿದಳು. ಪರದೆಯ ಮೇಲೆ ಸಾಲು ಸಾಲಾಗಿ ಕಾಯುವವರು ಮೂಡಿದರು. ಎಲ್ಲರ ಮುಂದೆ, ಸಿದ್ದಾಪುರದ ಕೋಣೆಯ ಒಂದೇ ಒಂದು ಪುಟ.

"ಎಂತ ಆತೇ?" ಎಂದೆ.

"ಯಾರೋ ಬಾಗಿಲಲ್ಲೇ ನಿಂತಂಗೆ ಅತ್ತಿಗೆ. ಒಳಗೂ ಬತ್ವಿಲ್ಲೆ, ಹೊರಗೂ ಹೋಗ್ತ್ವಿಲ್ಲೆ. ಹಿಂದಿದ್ದವ್ಕೆಲ್ಲ ದಾರಿ ಇಲ್ಲೆ."

ಕ್ರಮಸಂಖ್ಯೆ ಕೊಡುವ ಜಾಗ ಒಂದೇ. ಸಿದ್ದಾಪುರದವರು ಸಂಖ್ಯೆ ಹಿಡಿದುಕೊಂಡು, ಪುಟ ತುಂಬಿ, 'ಉಳಿಸು' ಒತ್ತದೆ ಕುಳಿತಿದ್ದಾರೆ. ಅವರು ಬಿಡುವವರೆಗೆ ಮುಂದಿನವರಿಗೆ ಸಂಖ್ಯೆ ಇಲ್ಲ, ಸಂಖ್ಯೆ ಇಲ್ಲದೆ ಪುಟ ಇಲ್ಲ. ಈ ಸ್ಥಿತಿಗೆ ಆ ತಂತ್ರಾಂಶದಲ್ಲಿ ಒಂದು ಹೆಸರೇ ಇದೆಯಂತೆ: ವ್ಯವಹಾರದ ನಡುವೆ ಸುಮ್ಮನಿರುವುದು. ಅಷ್ಟು ಆತಂಕದ ನಡುವೆಯೂ ಆ ಹೆಸರು ನನ್ನನ್ನು ಹಿಡಿದು ನಿಲ್ಲಿಸಿತು. ಹೊರಡುತ್ತೇನೆಂದು ಎದ್ದು, ಮೆಟ್ಟಿಲಲ್ಲಿ ಚಪ್ಪಲಿ ಹಾಕಿಕೊಂಡು, ಹೇಳಬೇಕಾದ ಮಾತನ್ನು ಹೇಳಲಾರದೆ ಗೇಟಿನ ಚಿಲಕವನ್ನು ತಿರುಗಿಸುತ್ತ ನಿಲ್ಲುವವರನ್ನು ನೀವೂ ಕಂಡಿರುತ್ತೀರಿ. ನಾನು ಕಾನ್ವೆಂಟಿನಲ್ಲಿ ಓದಿದವಳು. ಸದ್ದಾಗದಂತೆ ಬಾಗಿಲು ಮುಚ್ಚುವುದನ್ನು ಅಲ್ಲಿಯ ಸಿಸ್ಟರುಗಳು ಕಲಿಸಿದರು. ಅಂಥವರಿಗಾಗಿ ಬಾಗಿಲನ್ನು ತೆರೆದಿಟ್ಟುಕೊಂಡು ನಿಲ್ಲುವುದನ್ನು ಮಾತ್ರ ಮದುವೆಯಾಗಿ ಬಂದ ಮೇಲೆ ಕಲಿತೆ.

ಸಿದ್ದಾಪುರದ ಕೋಣೆಯಲ್ಲಿ ಕೂರುವವರು ನಾಗರತ್ನಕ್ಕ, ನಿವೃತ್ತ ಟೀಚರು. ಸುಮನಾ ಫೋನು ಮಾಡಿದಳು. ಗಂಟೆ ಬಡಿದು ಬಡಿದು ನಿಂತಿತು. ಮತ್ತೆ ಮಾಡಿದಳು, ಅದೇ ಕಥೆ. "ಕಡೀಗೆ ಕತ್ತರಿಸಿಬಿಡೂದೇ ಸೈ" ಎಂದಳು. ಒಂದು ಸಾಲು ಬರೆದರೆ ಸಾಕು, ಸಿದ್ದಾಪುರದ ಆ ಸಂಪರ್ಕ ಕಡಿದು ಸರತಿ ಮುಂದೆ ಸರಿಯುತ್ತದೆ. ಆದರೆ ಅಲ್ಲಿ ತುಂಬಿದ್ದೆಲ್ಲ, ಬರೆಯಲೇ ಇಲ್ಲವೆಂಬಂತೆ ಹೋಗಿಬಿಡುತ್ತದೆ. ಸಾಲನ್ನು ಬರೆದಳು. ಕೊನೆಯ ಗುಂಡಿಯ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದಳು.

ಊಟಕ್ಕೆ ಕುಳಿತವರ ಎಲೆಯನ್ನು ಅವರು ಏಳುವ ಮೊದಲು ಎಳೆದ ಹಾಗೆ ಅನ್ನಿಸಿತು ನನಗೆ. "ತಡಿಯೇ, ನಾಗರತ್ನಕ್ಕನ ಕೋಣೆ ಪಕ್ಕದಲ್ಲಿ ಹಿಟ್ಟಿನ ಗಿರಣಿ ಇದ್ದಲೆ" ಎಂದೆ. ನನ್ನ ತವರು ಸಿದ್ದಾಪುರದ ದಾರಿಯ ಕಾನಸೂರು. ಆ ಗಿರಣಿಯ ಗುಲಾಬಿ ಅಲ್ಲಿಯ ನನ್ನ ಬಾಲ್ಯದ ಗೆಳತಿ. ಅವಳಿಗೆ ಫೋನು ಮಾಡಿ ವಿಷಯ ಹೇಳಿ, ಸ್ಪೀಕರ್ ಹಾಕಿದೆ. ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಪಕ್ಕದ ಕೋಣೆಗೆ ಹೋದ ಗುಲಾಬಿ ಅದನ್ನು ನಾಗರತ್ನಕ್ಕನ ಕಿವಿಗೇ ಹಿಡಿದಿರಬೇಕು. ಆ ಕಡೆಯಿಂದ ಅವರ ಪಿಸುದನಿ ಬಂತು.

"ಎಂತದ್ದೇ ಅರ್ಜೆಂಟು? ಇಲ್ಲಿ ಜನ ಕೂತಿದ್ದ ಮಾರಾಯ್ತಿ."

"ನಾಗರತ್ನಕ್ಕ, ಪುಟ ಯಾಕೆ ಉಳಿಸಿದ್ದಿಲ್ಲೆ?" ಎಂದಳು ಸುಮನಾ.

"ಇಲ್ಲೇ ಬಿಳಗಿಯ ತಿಮ್ಮಪ್ಪ ಬಂದು ಕೂತಿದ್ದ. ಹೆಂಡ್ತಿ ತೀರಿಹೋತಲೆ ಪಾಪ, ಅವಳ ಮಷಿನ್ ವಾಪಸ್ ಕೊಡಲೆ ಹೇಳಿ. ಬರೆದು ಆತು. ಅವ ಎದುರಿಗೆ ಕೂತು ಅವಳ ಸುದ್ದಿ ಹೇಳ್ತಾ ಇಪ್ಪಕಾರೆ ಆನು ಟಕ್ ಹೇಳಿ ಗುಂಡಿ ಒತ್ತಿ ಕಳಸದಾ? ಅಂವ ಏಳಲಿ, ಆಮೇಲೆ ಒತ್ತುತ್ತೆ."

ಸುಮನಾ ನಿಧಾನವಾಗಿ ಬೆರಳನ್ನು ಗುಂಡಿಯಿಂದ ಎತ್ತಿದಳು. ಬಿಡುವಾದ ಯಂತ್ರ ಇತ್ತು. ನಾಗರತ್ನಕ್ಕನ ಪಕ್ಕದಲ್ಲೇ, ಒರೆಸಿಕೊಂಡು, ಕೊಳವೆ ಸುತ್ತಿಕೊಂಡು, ಕೂತಿತ್ತು. ಗುಂಡಿ ಒತ್ತದ ಕಾರಣ ಅದು ಪ್ರಪಂಚದ ಲೆಕ್ಕದಲ್ಲಿ ಇನ್ನೂ ತಿಮ್ಮಪ್ಪನ ಹೆಂಡತಿಯ ಹಾಸಿಗೆಯ ಬಳಿಯೇ ಇತ್ತು. ಕತ್ತರಿಸಿದ್ದರೆ ಅಲ್ಲೇ ಉಳಿಯುತ್ತಿತ್ತು.

ಉಳಿಸದೆ ಇರುವುದನ್ನು ಬೇರೆಯವರಿಗೆ ತೋರಿಸಬಾರದೆಂಬುದು ಆ ತಂತ್ರಾಂಶದ ಮರ್ಯಾದೆಯಂತೆ. ಅರ್ಧ ಬರೆದದ್ದನ್ನು ನಿಜವೆಂದು ನಂಬಿ ಯಾರೂ ಮೋಸಹೋಗಬಾರದಲ್ಲ. ಎದುರಿಗೆ ಕೂತವರನ್ನು ಎಬ್ಬಿಸಬಾರದೆಂಬುದು ನಾಗರತ್ನಕ್ಕನ ಮರ್ಯಾದೆ. ಎರಡೂ ಸರಿಯೇ. ಎರಡು ಸರಿಗಳ ನಡುವೆ ಸಿಕ್ಕಿಕೊಂಡದ್ದು, ಎಲ್ಲಿಯೋ ಹುಬ್ಬಳ್ಳಿಯ ದಾರಿಯಲ್ಲಿ ವಾಹನದೊಳಗೆ ಮಲಗಿ ಬರುತ್ತಿದ್ದ ಒಂದು ಜೀವದ ಉಸಿರು.

ಸುಮನಾ ವಿಷಯ ಹೇಳಿದಳು. ಆ ಕಡೆ ನಾಗರತ್ನಕ್ಕ ತಿರುಗಿ ಯಾರಿಗೋ ಮೆತ್ತಗೆ ಹೇಳಿದ್ದು ಕೇಳಿಸಿತು. ಕುರ್ಚಿ ಸರಿದ ಸದ್ದು. ಆಮೇಲೆ ಗಂಡುದನಿಯೊಂದು, "ಯಲ್ಲಾಪುರಕ್ಕಾ? ಹೆಂಗೂ ಗಾಡಿ ತಂದೀನಿ ಅಮ್ಮ. ನಾನೇ ಕೊಂಡ್ಹೋಗಿ ಕೊಡ್ತೆ. ಅದನ್ನ ಎಲ್ಲಿ ಇಟ್ರೆ ನಿದ್ದೆಗೆ ಸದ್ದು ಬರೂದಿಲ್ಲ ಅಂತ ನಂಗೆ ಗೊತ್ತು, ಅವ್ರಿಗೆ ತೋರಿಸ್ಬೇಕು" ಎಂದಿತು. ಸುಮನಾಳ ಪರದೆಯ ಮೇಲೆ ಮೊದಲ ಸಾಲು ಮಾಯವಾಯಿತು. ಹಿಂದೆ ನಿಂತವು ಒಂದರ ಹಿಂದೊಂದು ಕರಗಿಹೋದವು.

ಊಟವಾದ ಮೇಲೆ ಅವಳು ದುರಸ್ತಿಗೆ ಕೂತಳು. ಇಂತಿಷ್ಟು ಹೊತ್ತು ಸುಮ್ಮನಿದ್ದರೆ ಪುಟ ತಾನಾಗಿ ಕಡಿದುಹೋಗುವ ಹಾಗೆ ಮಾಡಬಹುದಂತೆ. ಬಹಳ ಕಡೆ ಅದನ್ನೇ ಮಾಡುತ್ತಾರಂತೆ. "ಎಷ್ಟು ಹೊತ್ತಿನ ಗಡುವು ಇಡಲಿ ಅತ್ತಿಗೆ?" ಎಂದು ಕೇಳಿದಳು. ಹೆಂಡತಿಯನ್ನು ಕಳೆದುಕೊಂಡವನೊಬ್ಬ ಒಂದು ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರಬಹುದು ಎಂಬುದನ್ನು ನಾನು ಹೇಗೆ ಹೇಳಲಿ? ತಟ್ಟೆ ಒರೆಸಿಡತೊಡಗಿದೆ. ಅವಳು ಬೇರೆಯೇ ದಾರಿ ಹಿಡಿದಳು. ಯಂತ್ರ ವಾಪಸು ಬಂತೆಂದು ಗುರುತು ಹಾಕಿದೊಡನೆ ಅದೊಂದು ಮಾತು ಮೊದಲು ತಾನಾಗಿ ಉಳಿಯುವಂತೆ, ಕ್ರಮಸಂಖ್ಯೆ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಸಿಗುವಂತೆ ಬದಲಾಯಿಸಿದಳು. ಇನ್ನು ಮೇಲೆ ಯಾರು ಎಷ್ಟು ಹೊತ್ತು ಪುಟ ತೆರೆದುಕೊಂಡು ಕೂತರೂ ಹಿಂದೆ ಯಾರೂ ಕಾಯಬೇಕಾಗಿಲ್ಲ. ಹೇಳಿದರೆ ಇಷ್ಟೇ; ಅವಳು ಮಾಡಿ, ಬೇರೊಂದು ಕಂಪ್ಯೂಟರಿನಲ್ಲಿ ಓಡಿಸಿ ನೋಡಿ, ತಲೆ ಎತ್ತುವಾಗ ಕಿಟಕಿಯ ಬಿಸಿಲು ಮೇಜಿನಿಂದ ಇಳಿದು ನೆಲಕ್ಕೆ ಬಂದಿತ್ತು.

ಸಂಜೆ ದೀಪ ಹಚ್ಚಿ ಬರುವಷ್ಟರಲ್ಲಿ ಬಸವರಾಜನ ಫೋನು.

"ಅಕ್ಕಾರ, ಮುದಕಿ ಬಂದ್ಲು. ಮಷಿನ್ ಸುರು ಆತ್ರಿ, ಆರಾಮ ಮಲ್ಕೊಂಡಾಳ. ನಾ ಅವರ ಮನ್ಯಾಗ ಅದೀನಿ. ಆದ್ರ ಇವ್ರು, ಮಷಿನ್ ತಂದ ಬಿಳಗಿಯವರು, ಕೆಲಸ ಎಲ್ಲಾ ಮುಗದ್ರೂ ಆಕೀ ಮಂಚದ ಕಡೆ ಹಂಗ ಕುಂತಾರ್ರಿ. ಏಳವಲ್ರು. ಏನ್ ಮಾಡ್ಲಿ?"

"ನಿಮ್ಮ ಪುಟ ಉಳಿಸಿ ಆಯ್ತಲ್ಲ ಬಸವರಾಜ?"

"ಆಗ್ಲೇ ಆತ್ರಿ."

"ಹಾಗಾದ್ರೆ ಕೂರ್ಲಿ ಬಿಡಿ" ಎಂದಳು ಸುಮನಾ. "ಮನೆಯವರಿಗೆ ಹೇಳಿ ಒಂದು ಚಾ ಮಾಡಿಸಿ ಕೊಡಿ. ನೀವೂ ಜೊತೆಗೆ ಕೂತ್ಕೊಳ್ಳಿ."